ಕಡಬದ ಏರಿಯಲ್ಲಿ ಹಿಡಿಯದ ಬ್ರೇಕು

ತುಮಕೂರಿಗೆ ಬಂದ ಒಂಬತ್ತನೇ ದಿನ, ಕಡಬದ ಕೆರೆಯ ಏರಿಯಿಂದ ಇಳಿಯುವಾಗ ನಾನು ಕೂತಿದ್ದ ಕಾರಿನ ಬ್ರೇಕು ಹಿಡಿಯಲಿಲ್ಲ.

ಗುರುತು ಸಿಗದಿರಲೆಂದು ಮೈತುಂಬ ಕಪ್ಪು-ಬಿಳಿ ಸ್ಟಿಕ್ಕರು ಅಂಟಿಸಿದ್ದ, ಇನ್ನೂ ಹೆಸರಿಡದ ಸಣ್ಣ ಸೆಡಾನ್ ಅದು. ನಮ್ಮಂಥ ದೇಶಗಳಲ್ಲಿ ಮೊದಲ ಸಲ ಕಾರು ಕೊಳ್ಳುವ ಮನೆಗಳಿಗಾಗಿ ನಮ್ಮ ಕಂಪನಿ ತಯಾರಿಸುತ್ತಿತ್ತು. ಬೆಲೆ ಕಡಿಮೆ ಇರಬೇಕು, ಐದು ಜನ ಕೂರಬೇಕು, ಡಿಕ್ಕಿಯಲ್ಲಿ ತೆಂಗಿನಕಾಯಿ ಮೂಟೆ ಹಿಡಿಯಬೇಕು. ಗುಬ್ಬಿ, ಕುಣಿಗಲ್ ರಸ್ತೆಗಳಲ್ಲಿ ಅದರ ಜೊತೆ ಹೋಗಿ ಕುಂದುಕೊರತೆ ಬರೆಯುವುದು ವಿಜಯಪುರದಿಂದ ಬಂದ ನನ್ನ ಕೆಲಸ.

ಓಡಿಸುತ್ತಿದ್ದವರು ಸಿ.ಎಸ್. ಪುರದ ಗಂಗಣ್ಣ. ಹಿಂದಿನ ಸೀಟಿನಲ್ಲಿ ಮೂವರ ತೂಕದ ಮರಳು ಚೀಲ. ಹಂಪ್ಸ್ ಮೇಲೆ ಹಂಪ್ಸ್ ದಾಟಿ, ಒತ್ತಿ ಒತ್ತಿ ಬ್ರೇಕು ಕಾದು, ಇಳಿಜಾರಿಗೆ ತಿರುಗಿದಾಗ ಅವರು ಮೆಲ್ಲಗೆ, "ಮೇಡಂ, ಪೆಡಲ್ಲು ತಳಕ್ಕೆ ಹೋಗ್ತೈತೆ. ಗಟ್ಟಿಯಾಗಿ ಹಿಡ್ಕಳಿ" ಅಂದರು.

ಎದುರಿಗೆ ಹುಲ್ಲಿನ ಹೊರೆ ಹೊತ್ತ ಹೆಂಗಸು. ಗಂಗಣ್ಣ ಗೇರು ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಕಾರನ್ನು ರಾಗಿ ಹೊಲಕ್ಕೆ ನುಗ್ಗಿಸಿದರು. ಕಾರು ನಿಂತಾಗ ಆಕೆ ಎರಡು ಮಾರು ದೂರದಲ್ಲಿದ್ದಳು. "ಕಣ್ ಕಾಣಕಿಲ್ವೇನಪ್ಪ?" ಅಂದಳು. ಗಂಗಣ್ಣ ಕೈ ಮುಗಿದರು.

ಸಂಜೆ ಮ್ಯಾನೇಜರ್ ಫೋನು. "ಡ್ರೈವರ್ ತಪ್ಪು ಅಂತ ಬರೀರಿ. ದೊಡ್ಡ ಬ್ರೇಕ್ ಹಾಕಿದ್ರೆ ಬೆಲೆ ಏರುತ್ತೆ. ನಿಮ್ಮ ಕೆಲಸ ಇನ್ನೂ ಕಾಯಂ ಆಗಿಲ್ಲ, ಅಲ್ವಾ?"

ನಮ್ಮೂರಲ್ಲಾದರೆ ಮುಖ ಸಪ್ಪಗಾದರೆ ಸಾಕು, ಓಣಿಯೇ ಬಂದು ಕಟ್ಟೆ ಮೇಲೆ ಕೂರುತ್ತದೆ. ತುಮಕೂರಿನಲ್ಲಿ ನಾನು ಬಾಡಿಗೆಗಿದ್ದ ಬಟವಾಡಿ ಬಡಾವಣೆಯಲ್ಲಿ ನನಗೆ ಗೊತ್ತಿದ್ದುದು ಮನೆ ಓನರ್ ಪುಟ್ಟಮ್ಮ ಒಬ್ಬರೇ. ಅವರು ಮುದ್ದೆ, ಬಸ್ಸಾರು ತಂದರು. ಬೇಯಿಸಿದ ಸೊಪ್ಪು, ಕಾಳಿನ ನೀರು ಬಸಿದು ಮಾಡುವ ಸಾರದು. "ಅಗೀಬ್ಯಾಡ ಕಣವ್ವ, ನುಂಗು" ಅಂದರು. ರೊಟ್ಟಿ ಅಗಿದು ಬೆಳೆದವಳು ನಾನು. ಆ ದಿನ ಮುದ್ದೆ ಮುರಿಯದೆ ಹಾಗೇ ಮುಚ್ಚಿಟ್ಟೆ.

ಬೆಳಿಗ್ಗೆ ಗಂಗಣ್ಣನಿಗೆ ಎಲ್ಲ ಹೇಳಿದೆ. ಅವರು ಅಂದರು: "ನನ್ ಹೆಸ್ರು ಬರುದ್ರೂ ಬರೀರಿ. ಆದ್ರೆ ಇದ್ನ ಕೊಂಡ್ಕಂಡೋರು ಹೆಂಡ್ತಿ ಮಕ್ಳನ್ನ ಕೂರಿಸ್ಕಂಡು ಇದೇ ಏರಿ ಮೇಲೆ ಬತ್ತಾರೆ."

ನಡೆದದ್ದನ್ನು ನಡೆದ ಹಾಗೇ ಬರೆದು ಕಳಿಸಿದೆ. ಮೂರು ವಾರ ಆಫೀಸಿನಲ್ಲಿ ಯಾರೂ ನನ್ನ ಜೊತೆ ಮಾತಾಡಲಿಲ್ಲ. ಆಮೇಲೆ ದೊಡ್ಡ ಬ್ರೇಕು ಹಾಕಿಸಿಕೊಂಡು ಕಾರು ವಾಪಸು ಬಂತು. ನನ್ನ ಕೆಲಸ ಮಾತ್ರ ಇನ್ನೂ ಕಾಯಂ ಆಗಿಲ್ಲ. ಗಂಗಣ್ಣ ಅದೇ ಇಳಿಜಾರಿನಲ್ಲಿ ಹತ್ತು ಸಲ ನಿಲ್ಲಿಸಿದರು, ಹತ್ತು ಸಲವೂ ನಿಂತಿತು. ಆದರೂ ಪ್ರತಿ ಸಲ ನನ್ನ ಬಲಗಾಲು ಇಲ್ಲದ ಪೆಡಲನ್ನು ಒತ್ತುತ್ತಿತ್ತು.

ಹೋದ ತಿಂಗಳು ಊರಿಗೆ ಹೋದಾಗ ಅಪ್ಪ ಕೇಳಿದರು, "ನಿಮ್ಮ ಕಾರ ತೊಗೊಳ್ಳೂಣೇನವಾ? ಐದೂ ಮಂದಿ ಹಿಡೀತೀವಲ್ಲ."

ನಾನು ಹೂಂ ಅನ್ನಲಿಲ್ಲ. "ತಡೀರಿ ಅಪ್ಪಾ. ಇನ್ನೊಂದು ಮಳೆಗಾಲ ನಾವು ಓಡಿಸಿ ನೋಡ್ತೀವಿ."

"ನಾವು ಅಂದ್ರ ಯಾರವಾ?"

"ನಾನು, ನಮ್ಮ ಗಂಗಣ್ಣ" ಅಂದೆ, ಹುಟ್ಟಿದ ಮನೆಯ ಪಡಸಾಲೆಯಲ್ಲಿ ಕೂತು.