ಸೋಲಿಲ್ಲದ ಪ್ರವಾಸದ ಆರನೇ ಪಂದ್ಯ

ನಮ್ಮ ತಂಡಕ್ಕೆ ಯಾರೇ ಹೊಸಬರು ಸೇರಲಿ, ಅವರು ಸ್ಕೇಟ್ಸ್‌ನ ಲೇಸು ಕಟ್ಟಿಕೊಳ್ಳುವಷ್ಟರಲ್ಲಿ ಯಾರಾದರೊಬ್ಬರು ಒಂದು ಕತೆ ಹೇಳಿ ಮುಗಿಸಿರುತ್ತಾರೆ. ನಮ್ಮ ಕೋಚ್ ಕೆನಡಾದವರು; ಅಲ್ಲಿನ ಒಂದು ವಿಶ್ವವಿದ್ಯಾಲಯದ ಗಂಡಸರ ಐಸ್ ಹಾಕಿ ತಂಡದಲ್ಲಿ ಗೋಲ್‌ಕೀಪರ್ ಆಗಿದ್ದರು; ಆ ತಂಡ ಜಪಾನಿಗೆ ಬಂದು ಒಂದೂ ಪಂದ್ಯ ಸೋಲದೆ ವಾಪಸ್ ಹೋಯಿತು; ಅಂಥವರ ಕೈಕೆಳಗೆ ಕಲಿಯುವ ಪುಣ್ಯ ನಿಮ್ಮದು. ಜಪಾನಿನ ಕಾವಾಸಾಕಿ ಊರಿನ ಆಫೀಸುಗಳಲ್ಲಿ ವಾರವಿಡೀ ಕೂತು ಬೆನ್ನು ಗೂನಾದ ಹದಿನೈದು ಜನ ಭಾನುವಾರ ಬೆಳಗಿನ ಆರು ಗಂಟೆಗೆ ಮಂಜುಗಡ್ಡೆಯ ಮೇಲೆ ಬಂದು ನಿಲ್ಲಬೇಕಾದರೆ ಇಂಥದೊಂದು ಕತೆ ಬೇಕಾಗುತ್ತದೆ, ಒಪ್ಪುತ್ತೇನೆ. ಆದರೆ ಕತೆ ಬೇಕಾಗಿದೆ ಅನ್ನುವುದು ಕತೆ ನಿಜ ಅನ್ನುವುದಕ್ಕೆ ಸಾಕ್ಷಿಯಲ್ಲ.

ನನಗೆ ಅದನ್ನು ಹೇಳಿದವರು ನನ್ನನ್ನು ಈ ಆಟಕ್ಕೆ ಎಳೆದು ತಂದ ಬೆಂಗಳೂರಿನ ಸಹೋದ್ಯೋಗಿ. ನನಗಿಂತ ಹತ್ತು ವರ್ಷ ದೊಡ್ಡವರು, ಜಪಾನಿಗೆ ಬಂದು ಹನ್ನೆರಡು ವರ್ಷ ಆಗಿದೆ. ನಾನು ಅವರನ್ನು ಅಣ್ಣ ಅನ್ನುತ್ತೇನೆ. ಅವರು ನನ್ನನ್ನು ಲಾಯರಮ್ಮ ಅನ್ನುತ್ತಾರೆ. ಮೈಸೂರಿನ ಕಾಲೇಜು ದಿನಗಳಲ್ಲಿ ಚರ್ಚಾಸ್ಪರ್ಧೆಗಳ ಕಪ್ಪು ಗೆಲ್ಲುತ್ತಿದ್ದೆ ಎಂದು ಒಮ್ಮೆ ಊಟದ ಹೊತ್ತಲ್ಲಿ ಬಾಯಿಬಿಟ್ಟದ್ದರ ಫಲ ಅದು.

ಕೋಚ್ ಆ ಪ್ರವಾಸದಲ್ಲಿ ಎಷ್ಟು ಪಂದ್ಯ ಆಡಿದರು ಎಂದು ಅಣ್ಣನನ್ನು ಕೇಳಿದೆ.

"ಟೀಮಲ್ಲಿದ್ರು ಅಂದ್ಮೇಲೆ ಆಡಿರ್ತಾರೆ ಬಿಡು."

"ನಾನೂ ಟೀಮಲ್ಲಿದೀನಿ. ಆಡ್ತೀನಾ?"

ಅಣ್ಣ ನನ್ನ ಒದ್ದೆ ಪ್ಯಾಂಟು ನೋಡಿದರು. ಆವರೆಗೆ ನಾನು ಮಂಜಿನ ಮೇಲೆ ನಿಂತದ್ದಕ್ಕಿಂತ ಕೂತದ್ದೇ ಹೆಚ್ಚು. ಅವರು ಹೆಂಡತಿ ಕಟ್ಟಿಕೊಟ್ಟಿದ್ದ ಪುಳಿಯೋಗರೆಯ ಉಂಡೆ ಕೊಟ್ಟರು. ಇಲ್ಲಿನ ಕೊಂಬಿನಿ ಅಂಗಡಿಗಳಲ್ಲಿ ಸಿಗುವ ಒನಿಗಿರಿ ಎಂಬ ಅನ್ನದುಂಡೆಯ ಹಾಗೆ ಅದನ್ನೂ ತ್ರಿಕೋನ ಮಾಡಿ, ಸುತ್ತ ಕಡಲಪಾಚಿಯ ಹಾಳೆ ಅಂಟಿಸಿರುತ್ತಾರೆ.

ಮನೆಗೆ ಹೋಗುವ ರೈಲಿನಲ್ಲೇ ಫೋನ್ ತೆಗೆದೆ. ಆ ವಿಶ್ವವಿದ್ಯಾಲಯದವರು ತಮ್ಮ ಹಾಕಿ ತಂಡದ ಇತಿಹಾಸವನ್ನು ಉದ್ದಕ್ಕೆ ಬರೆದು ಹಾಕಿದ್ದಾರೆ: ಮೊದಮೊದಲು ಹೆಪ್ಪುಗಟ್ಟಿದ ಕೊಳದ ಮೇಲೆ ಆಡುತ್ತಿದ್ದದ್ದು, ಆಮೇಲೆ ಸೂರು ಬಂದದ್ದು, ಕೋಚುಗಳ ಪಟ್ಟಿ, ಮೀಸೆಗಳು ದಪ್ಪಗಾಗಿ ಮತ್ತೆ ಮಾಯವಾಗುವ ಗುಂಪುಚಿತ್ರಗಳ ಸಾಲು. ಜಪಾನ್ ಪ್ರವಾಸಕ್ಕೆ ಒಂದು ಪ್ಯಾರಾ ಇತ್ತು. ಐದು ಪಂದ್ಯ, ಐದೂ ಗೆಲುವು. ಗೋಲ್‌ಕೀಪರುಗಳೆಂದು ಎರಡು ಹೆಸರು. ಎರಡೂ ನಮ್ಮ ಕೋಚಿನದಲ್ಲ. ಗುಂಪುಚಿತ್ರದಲ್ಲಿ ಮಾತ್ರ ಅವರಿದ್ದರು, ಹಿಂದಿನ ಸಾಲಿನ ಕೊನೆಯಲ್ಲಿ, ತೋಳಲ್ಲಿ ಒಂದು ಹೊರೆ ಸ್ಟಿಕ್ಕುಗಳನ್ನು ಅಪ್ಪಿಕೊಂಡು.

ಮುಂದಿನ ಭಾನುವಾರ ಅವರನ್ನೇ ಕೇಳಿಬಿಟ್ಟೆ. ಮುಖ ಕೆಂಪಗಾಗಬಹುದು, ಮಾತು ತಿರುಗಿಸಬಹುದು ಎಂದುಕೊಂಡಿದ್ದೆ. ಅವರಿಗೆ ಖುಷಿಯಾಯಿತು. ಇಷ್ಟು ವರ್ಷಕ್ಕೆ ಒಬ್ಬರಾದರೂ ಕೇಳಿದಿರಲ್ಲ ಎಂದು ಬಿಸಿ ಕಾಫಿಯ ಡಬ್ಬಿಯೊಂದನ್ನು ನನ್ನ ಕೈಗಿಟ್ಟು ಬೆಂಚಿನ ಮೇಲೆ ಕೂರಿಸಿಕೊಂಡರು.

ಅವರು ಮೂರನೇ ಗೋಲ್‌ಕೀಪರ್ ಆಗಿದ್ದರು. ಹಾಗೆಂದರೆ, ವಾರದ ಅಭ್ಯಾಸದಲ್ಲೆಲ್ಲ ಉಳಿದವರು ಹೊಡೆಯುವ ಪಕ್ಕನ್ನು, ಆ ಕಪ್ಪು ರಬ್ಬರ್ ಬಿಲ್ಲೆಯನ್ನು, ಎದೆಗೆ, ಮೊಣಕಾಲಿಗೆ, ಹೆಲ್ಮೆಟ್ಟಿಗೆ ತೆಗೆದುಕೊಳ್ಳುವವನು. ಪಂದ್ಯದ ದಿನ ಕೋಟು ಟೈ ಹಾಕಿಕೊಂಡು ಪ್ರೇಕ್ಷಕರ ಜೊತೆ ಕೂರುವವನು. ನಾಲ್ಕು ವರ್ಷ ಅದೇ. ಜಪಾನಿಗೆ ಅವರನ್ನು ಕರೆತಂದದ್ದು ಸ್ಕೇಟ್ಸ್ ಮಸೆಯಲು, ಸ್ಟಿಕ್ಕು ಎಣಿಸಲು ಒಬ್ಬರು ಬೇಕೆಂದು. ಆದರೆ ಐದು ಪಂದ್ಯ ಮುಗಿದ ಮೇಲೆ ಒಂದು ದಿನ ಬಿಡುವಿತ್ತು. ಇದೇ ಕಾವಾಸಾಕಿಯ ಒಂದು ಕಾರ್ಖಾನೆಯ ಕೆಲಸಗಾರರ ತಂಡ, ನಮ್ಮ ಜೊತೆಗೂ ಒಂದು ಆಟ ಆಡಿ ಹೋಗಿ ಎಂದು ಕೇಳಿಕೊಂಡಿತು. ಮೊದಲನೇ ಗೋಲ್‌ಕೀಪರಿನ ಬೆರಳು ಊದಿತ್ತು. ಎರಡನೆಯವನು ಏನು ತಿಂದಿದ್ದನೋ, ಹೋಟೆಲಿನ ರೂಮು ಬಿಟ್ಟು ಬರುವ ಸ್ಥಿತಿಯಲ್ಲಿರಲಿಲ್ಲ. ಹೀಗೆ ನಮ್ಮ ಕೋಚ್ ಜೀವನದಲ್ಲಿ ಒಂದೇ ಒಂದು ಸಲ ತಮ್ಮ ವಿಶ್ವವಿದ್ಯಾಲಯದ ಅಂಗಿ ತೊಟ್ಟು ಗೋಲಿನ ಮುಂದೆ ನಿಂತರು.

"ಸೋತ್ವಿ. ಐದು–ನಾಲ್ಕು," ಅಂದರು. ಬೇರೆಯವರು ಕಪ್ಪು ಗೆದ್ದದ್ದನ್ನು ಹೇಳುವ ದನಿಯಲ್ಲಿ.

ಹಾಗಾದರೆ ಸೋಲಿಲ್ಲದ ಪ್ರವಾಸ ಅನ್ನುವುದು ಸುಳ್ಳು ಅಂದೆ. ಸುಳ್ಳಲ್ಲ, ಅವರು ಐದೇ ಎಣಿಸಿದ್ದಾರೆ, ಆರನೆಯದನ್ನು ಸ್ನೇಹಕ್ಕಾಗಿ ಆಡಿದ್ದೆಂದು ಬಿಟ್ಟಿದ್ದಾರೆ ಅಂದರು. ಚರ್ಚೆಯಲ್ಲಿ ಇದನ್ನು ವ್ಯಾಖ್ಯೆ ಬದಲಿಸಿ ಗೆಲ್ಲುವುದು ಅನ್ನುತ್ತೇವೆ. ನಾನೇ ಎಷ್ಟೋ ಸಲ ಹಾಗೆ ಗೆದ್ದಿದ್ದೇನೆ, ಆದ್ದರಿಂದ ಗುರುತು ಸಿಕ್ಕಿತು.

ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಕೋಚ್ ನನಗಾಗಿ ಕಾದಿದ್ದವರ ಹಾಗೆ ಒಂದು ಮಿಂಚಂಚೆ ತೋರಿಸಿದರು. ಆ ತಂಡದ ಹಳೆಯ ಆಟಗಾರರ ಸಂಘ ಇತಿಹಾಸವನ್ನು ಪುಸ್ತಕವಾಗಿ ತರುತ್ತಿದೆ. ಒಂದು ಪಂದ್ಯವನ್ನಾದರೂ ಆಡಿದ ಪ್ರತಿಯೊಬ್ಬನ ಹೆಸರೂ ಕೊನೆಯ ಪಟ್ಟಿಯಲ್ಲಿ ಇರುತ್ತದೆ. ಕರಡು ಪಟ್ಟಿ ಬಂದಿತ್ತು. ಅದರಲ್ಲಿ ಇವರ ಹೆಸರಿಲ್ಲ. ಎರಡು ಸಲ ಬರೆದಿದ್ದರು. ಬಹಳ ವಿನಯದಿಂದ ಉತ್ತರ ಬಂದಿತ್ತು: ನಿಮ್ಮ ನೆನಪನ್ನು ಗೌರವಿಸುತ್ತೇವೆ, ಕಾಗದದ ಮೇಲೆ ಏನಾದರೂ ಇದೆಯೇ?

ಅವರಿಗೆ ಎಪ್ಪತ್ತು ದಾಟಿದೆ. ಇಲ್ಲೇ ಮದುವೆಯಾಗಿ, ಇಲ್ಲಿನ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಬೇಕಾದದ್ದು ಆ ಪಟ್ಟಿಯಲ್ಲಿ ಒಂದು ಸಾಲು, ಅಷ್ಟೇ. ನನ್ನ ಹತ್ತಿರ ಬಂದದ್ದೇಕೆಂದರೆ, ನನ್ನ ರೂಮಿನ ಗ್ಯಾಸಿನ ವಿಚಾರದಲ್ಲಿ ನಾನು ಬರೆದ ಪತ್ರಕ್ಕೆ ಕಂಪನಿಯವರು ಮನೆಗೇ ಬಂದು ತಲೆಬಾಗಿ ಕ್ಷಮೆ ಕೇಳಿದ್ದನ್ನು ಅಣ್ಣ ತಂಡಕ್ಕೆಲ್ಲ ಸಾರಿದ್ದರು.

ನಾನು ಅಭ್ಯಾಸಬಲದಿಂದ ಮೊದಲು ವಿರೋಧ ಪಕ್ಷವನ್ನೇ ಹಿಡಿದೆ. ಸಾಬೀತು ಮಾಡುವ ಹೊಣೆ ಹೇಳಿದವರ ಮೇಲಿರುತ್ತದೆ ಅಂದೆ. ಅಷ್ಟೇ ಅಲ್ಲ, ನಿಮಗೊಂದು ಸಾಲು ಕೊಡಬೇಕಾದರೆ ಆ ಮುದುಕರೆಲ್ಲ ಜೀವಮಾನವಿಡೀ ಕೊಚ್ಚಿಕೊಂಡ "ಸೋಲಿಲ್ಲದ" ಅನ್ನುವ ಮಾತನ್ನೇ ಅಳಿಸಬೇಕು. ಯಾರು ಅಳಿಸುತ್ತಾರೆ ಅಂದೆ. ಕೋಚ್ ಕಾಫಿ ಮುಗಿಸಿ ಡಬ್ಬಿಯನ್ನು ಸರಿಯಾದ ಬುಟ್ಟಿಗೆ ಹಾಕಿ ಬಂದು, ಅದು ನನಗೂ ಗೊತ್ತು, ಗೊತ್ತಿದ್ದೇ ನಿನ್ನ ಹತ್ತಿರ ಬಂದೆ ಅಂದರು. ಹಾಗೆ ನಾನು ಪಕ್ಷ ಬದಲಿಸಿದೆ.

ಕಾರ್ಖಾನೆಯ ತಂಡ ಮುಚ್ಚಿ ಬಹಳ ವರ್ಷವಾಗಿತ್ತು. ಫೋನ್ ಮಾಡಿದರೆ ಅಂಥದೊಂದು ತಂಡ ಇತ್ತೆಂಬುದೇ ಅಲ್ಲಿ ಯಾರಿಗೂ ಗೊತ್ತಿಲ್ಲ. ಆ ಪಂದ್ಯ ನೆನಪಿರುವವರು ಬನ್ನಿ ಎಂದು ಅಣ್ಣನ ಚೆಂದದ ಜಪಾನಿಯಲ್ಲಿ ಒಂದು ಚೀಟಿ ಬರೆಸಿ ನಾವು ಆಡುವ ಐಸ್ ರಿಂಕಿನ ನೋಟೀಸು ಹಲಗೆಗೆ ಅಂಟಿಸಿದೆ, ಮಕ್ಕಳ ಸ್ಕೇಟಿಂಗ್ ಕ್ಲಾಸು ಮತ್ತು ಕಳೆದುಹೋದ ಕೈಗವಸಿನ ಚೀಟಿಗಳ ನಡುವೆ. ಯಾರೂ ಬರಲ್ಲ, ಬಂದರೆ ನನ್ನ ಪುಳಿಯೋಗರೆ ಪೂರ್ತಿ ನಿನಗೆ ಎಂದು ಅಣ್ಣ ಪಂಥ ಕಟ್ಟಿದರು. ಸಂಘದವರು ಕೊಟ್ಟ ಗಡುವಿಗೆ ಒಂದು ದಿನ ಉಳಿದಿದ್ದಾಗ, ಭಾನುವಾರದ ಅಭ್ಯಾಸ ಮುಗಿಯುವ ಹೊತ್ತಿಗೆ, ಒಬ್ಬ ಅಜ್ಜಿ ಬಂದರು. ಬಟ್ಟೆಯಲ್ಲಿ ಅಚ್ಚುಕಟ್ಟಾಗಿ ಗಂಟು ಕಟ್ಟಿದ ಒಂದು ನೋಟ್‌ಬುಕ್ಕು ತಂದಿದ್ದರು. ಅಣ್ಣ ಟಿಫನ್ ಬಾಕ್ಸನ್ನು ನನ್ನ ಕಡೆ ತಳ್ಳಿದರು.

ಅಜ್ಜಿ ಆಗ ಆ ಕಾರ್ಖಾನೆಯ ಆಫೀಸಿನಲ್ಲಿ ಕೆಲಸಕ್ಕಿದ್ದ ಹುಡುಗಿ. ಹಾಕಿ ಗೊತ್ತಾ ಎಂದು ಯಾರೂ ಕೇಳಲಿಲ್ಲವಂತೆ. ಅಕ್ಷರ ಚೆನ್ನಾಗಿದೆ ಎಂದು ಎಡಗೈಗೆ ಸ್ಟಾಪ್‌ವಾಚ್ ಗಡಿಯಾರ, ಬಲಗೈಯ ಹತ್ತಿರ ಹಾರ್ನಿನ ಗುಂಡಿ, ತೊಡೆಯ ಮೇಲೆ ನೋಟ್‌ಬುಕ್ಕು ಕೊಟ್ಟು ರಿಂಕಿನ ಪಕ್ಕ ಕೂರಿಸಿದರು. ತಂಡ ಮುಚ್ಚುವವರೆಗೂ ಅದೇ ಜಾಗ. ನೋಟ್‌ಬುಕ್ಕನ್ನು ಬಿಸಾಡಿ ಎಂದು ಯಾರೂ ಹೇಳಲಿಲ್ಲ, ಆದ್ದರಿಂದ ಬಿಸಾಡಲಿಲ್ಲ.

ಆ ಪುಟ ತೆಗೆದರು. ಕತಕಾನಾ ಲಿಪಿಯಲ್ಲಿ ನಮ್ಮ ಕೋಚಿನ ಹೆಸರು, ಗೋಲ್‌ಕೀಪರ್ ಅನ್ನುವ ಮನೆಯಲ್ಲಿ, ಶಾಯಿಯಲ್ಲಿ. ಕೋಚ್ ಕೈಗವಸು ತೆಗೆದು ಅದನ್ನು ಓದಿದರು, ಮತ್ತೊಮ್ಮೆ ಓದಿದರು. ಆಮೇಲೆ ಅವರ ಕಣ್ಣು ಪುಟದ ಕೆಳಕ್ಕೆ ಹೋಯಿತು. ನಾಲ್ಕು–ನಾಲ್ಕು.

ಅಣ್ಣ ಕೈತಟ್ಟಿದರು. ಎಲ್ಲ ಬಗೆಹರಿಯಿತಲ್ಲ: ಪಂದ್ಯ ನಡೆದದ್ದಕ್ಕೆ ಕಾಗದ ಸಿಕ್ಕಿತು, ಹೆಸರೂ ಸಿಕ್ಕಿತು, ಸಮಸಮ ಆದ್ದರಿಂದ ಕೆನಡಾದ ಮುದುಕರ "ಸೋಲಿಲ್ಲದ" ಕೂಡ ಹಾಗೇ ಉಳಿಯಿತು. ನಾಳೆ ಕಳಿಸಿದರೆ ಯಾರೂ ತಕರಾರು ಮಾಡುವುದಿಲ್ಲ. ನಾನೂ ಅದನ್ನೇ ಯೋಚಿಸುತ್ತಿದ್ದೆ. ಇಷ್ಟು ಸಲೀಸಾಗಿ ಗೆಲ್ಲುವ ಕೇಸು ನನಗೆ ಸಿಕ್ಕಿದ್ದೇ ಇಲ್ಲ.

ಕೋಚ್ ಅಜ್ಜಿಗೆ ತಲೆಬಾಗಿ, ಸುಮಿಮಾಸೆನ್, ಕ್ಷಮಿಸಿ, ಇದು ಐದು–ನಾಲ್ಕು ಅಂದರು.

ಅಜ್ಜಿಯೂ ತಲೆಬಾಗಿದರು. ಸುಮಿಮಾಸೆನ್, ಐದನೆಯದು ಒಳಗೆ ಹೋಗುವ ಮೊದಲೇ ಹಾರ್ನ್ ಆಗಿತ್ತು, ಹೊತ್ತು ಮುಗಿದ ಮೇಲೆ ಹೋದದ್ದು ಗೋಲಲ್ಲ, ಆದ್ದರಿಂದ ಬರೆಯಲಿಲ್ಲ ಅಂದರು.

ಕೋಚ್ ಇನ್ನೂ ಸ್ವಲ್ಪ ಬಗ್ಗಿದರು. ಪಕ್ ತಮ್ಮ ಎಡಗಾಲಿನ ಪ್ಯಾಡಿನ ಕೆಳಗೆ ಹೋಯಿತು, ಹಿಂದೆ ಬಲೆಯ ಸದ್ದು ಕೇಳಿತು, ಹಾರ್ನ್ ಅದರ ನಂತರ. ಅಜ್ಜಿ ಅವರಿಗಿಂತ ಕೆಳಕ್ಕೆ ಬಗ್ಗಿದರು. ಹಾರ್ನ್ ಮೊದಲು. ಇಷ್ಟು ಬಗ್ಗಿ ಬಗ್ಗಿ ವಾದ ಮಾಡುವ ಇಬ್ಬರನ್ನು ನಾನು ಯಾವ ವೇದಿಕೆಯ ಮೇಲೂ ಕಂಡಿಲ್ಲ.

"ಸೋತೆ ಸೋತೆ ಅಂತ ಹಟ ಹಿಡಿಯೋರನ್ನ ಇದೇ ಮೊದಲು ನೋಡ್ತಿರೋದು, ಲಾಯರಮ್ಮ," ಅಣ್ಣ ನನ್ನ ಕಿವಿಯಲ್ಲಿ ಅಂದರು. "ನಮ್ಮ ಪ್ರಾಜೆಕ್ಟಿಗೆ ಇಂಥೋರು ಒಬ್ರು ಬೇಕಿತ್ತು."

ನಾನು ಕೋಚನ್ನು ಪಕ್ಕಕ್ಕೆ ಕರೆದೆ. ನಿಮ್ಮ ಹೆಸರು ಶಾಯಿಯಲ್ಲಿದೆ, ನಾಲ್ಕು–ನಾಲ್ಕು ಎಂದು ಕಳಿಸಿದರೆ ಸಾಲು ಸಿಗುತ್ತದೆ. ನೀವು ಐದು–ನಾಲ್ಕು ಅಂದರೆ ನಿಮ್ಮದೇ ಸಾಕ್ಷಿಯನ್ನು ನೀವೇ ಸುಳ್ಳು ಅಂದ ಹಾಗಾಗುತ್ತದೆ, ಆಗ ಸಾಲೂ ಇಲ್ಲ, ಏನೂ ಇಲ್ಲ ಎಂದು ಒಂದೊಂದಾಗಿ ಬಿಡಿಸಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ನಮ್ಮ ತಂಡದಲ್ಲಿ ಯಾರು ಗೋಲಿನ ಮುಂದೆ ನಿಂತರೂ ಕೋಚ್ ಮೊದಲು ಕೂಗಿ ಹೇಳುವುದು ಎಡಗಾಲು, ಎಡಗಾಲು ಎಂದು. ಅದು ಯಾಕೆಂದು ಆವತ್ತು ತಿಳಿಯಿತು.

"ನನ್ನ ಹತ್ರ ಇರೋದು ಒಂದೇ ಮ್ಯಾಚು," ಅಂದರು. "ಅದನ್ನ ತಿದ್ದಿ ವಾಪಸ್ ಕೊಟ್ರೆ ಅದು ನಂದಾಗಿರಲ್ಲ."

ಇಬ್ಬರೂ ಬೆಂಚಿನ ಕಡೆ ವಾಪಸ್ ಬಂದೆವು.

ಅಜ್ಜಿ ಅಷ್ಟರಲ್ಲಿ ಬೆಂಚಿನ ಮೇಲೆ ಕೂತು, ಅಣ್ಣ ಕೊಟ್ಟ ಪುಳಿಯೋಗರೆಯ ತ್ರಿಕೋನವನ್ನು ಎರಡೂ ಕೈಯಲ್ಲಿ ಹಿಡಿದು ತಿನ್ನುತ್ತಿದ್ದರು. ಪಂಥದಲ್ಲಿ ಗೆದ್ದ ಮೇಲೆ ಅದು ನನ್ನದು, ಆದರೆ ಆ ವಾದ ಎತ್ತಲಿಲ್ಲ. ಖಾರ ಆಯಿತಾ ಎಂದು ಅಣ್ಣ ಕೇಳಿದರು. ಕಾರ್ಖಾನೆಯ ಕ್ಯಾಂಟೀನಿನ ಕರಿ ರೈಸಿಗಿಂತ ಪರವಾಗಿಲ್ಲ ಅಂದರು ಅಜ್ಜಿ. ಆ ದಿನ ಆಟ ಮುಗಿದ ಮೇಲೆ ಎರಡೂ ತಂಡದವರು ಆ ಕ್ಯಾಂಟೀನಿನಲ್ಲೇ ಊಟ ಮಾಡಿದರಂತೆ. ಸಮಸಮ ಆದದ್ದಕ್ಕೆ ಕಾರ್ಖಾನೆಯವರು ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ, ಅಷ್ಟು ದೂರದಿಂದ ಬಂದ ಅತಿಥಿಗಳಲ್ಲವೇ ಅಂದರು. ಕೋಚ್‌ಗೂ ಆ ಊಟ ನೆನಪಿತ್ತು. ಅನ್ನದ ಮೇಲೆ ಇಟ್ಟಿದ್ದ ಹುಳಿ ಹಣ್ಣನ್ನು ಸಿಹಿ ಎಂದುಕೊಂಡು ಇಡೀ ಬಾಯಿಗೆ ಹಾಕಿಕೊಂಡದ್ದು ನಾನೇ ಅಂದರು. ಅಜ್ಜಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಹೌದು, ಆ ಮುಖ ನೆನಪಿದೆ. ಆಟ ಮುಗಿಯುವ ಹೊತ್ತಿಗೆ ಆ ಮುಖ ಅಳುವ ಹಾಗಿತ್ತು, ಹುಳಿ ಹಣ್ಣು ತಿಂದ ಮೇಲೆ ಸ್ವಲ್ಪ ವಾಸಿಯಾಯಿತು ಅಂದರು.

ಆಟ ಮುಗಿಯುವ ಹೊತ್ತಿಗೆ ಅನ್ನುವ ಆ ಒಂದು ಮಾತು ನನ್ನ ಮನಸ್ಸಿಗೆ ಸಿಕ್ಕಿಕೊಂಡಿತು.

ಯಾರಿಗೂ ಹೇಳದ ಒಂದು ವಿಷಯ ನನ್ನದೂ ಇದೆ. ಅಂತರ ಕಾಲೇಜು ಚರ್ಚೆಯ ಫೈನಲಿನಲ್ಲಿ ಸಮಯ ನೋಡುತ್ತಿದ್ದವಳು ನನ್ನ ಹಾಸ್ಟೆಲಿನ ರೂಮ್‌ಮೇಟು. ನನ್ನ ಕೊನೆಯ ವಾಕ್ಯ ಮುಗಿಯುವ ಮೊದಲೇ ಹೊತ್ತು ಮುಗಿದಿತ್ತು. ಎದುರಿನ ಗೋಡೆ ಗಡಿಯಾರ ನನಗೆ ಕಾಣುತ್ತಿತ್ತು. ಅವಳ ಕೈ ಬೆಲ್ಲಿನ ಮೇಲಿದ್ದದ್ದೂ ಕಾಣುತ್ತಿತ್ತು. ನಾನು ಕಡೆಯ ಪದ ಹೇಳಿ ಮುಗಿಸಿದ ಮೇಲೆ ಬೆಲ್ಲು ಬಡಿಯಿತು. ಹಾಗೆ ಗೆದ್ದ ಕಪ್ಪು ಈಗಲೂ ಮೈಸೂರಿನ ಮನೆಯ ಶೋಕೇಸಿನಲ್ಲಿದೆ. ಅವಳು ಮೋಸ ಮಾಡಿದಳು ಎಂದು ನನಗೆ ಅನ್ನಿಸಿಲ್ಲ. ಅವಳು ಆ ಹೊತ್ತಲ್ಲಿ ಗಡಿಯಾರ ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದಳು, ಅಷ್ಟೇ.

ಫೋನಿನಲ್ಲಿ ಸಂಘಕ್ಕೆ ಬರೆದ ಪತ್ರ ತೆರೆದೇ ಇತ್ತು. ಪಂದ್ಯ, ಊರು, ಗೋಲ್‌ಕೀಪರಿನ ಹೆಸರು ಎಲ್ಲ ತುಂಬಿದ್ದೆ; ಸ್ಕೋರಿನ ಎರಡು ಅಂಕಿಗಳ ಜಾಗ ಮಾತ್ರ ಖಾಲಿ. ಕೋಚ್ ಪ್ಯಾಡು ಬಿಚ್ಚದೆ ನಿಂತಿದ್ದರು. ರಿಂಕಿನವರು ನಮ್ಮ ಹೊತ್ತು ಮುಗಿಯಿತೆಂದು ಮಂಜು ಸವರುವ ಗಾಡಿ ಹೊರಡಿಸಿದ್ದರು. ನನ್ನ ಆಫೀಸು ಜಪಾನಿ ಇಂಥ ಪ್ರಶ್ನೆಗೆ ತಯಾರಾದದ್ದಲ್ಲ. ಮನಸ್ಸಿನಲ್ಲೇ ಎರಡು ಸಲ ವಾಕ್ಯ ಜೋಡಿಸಿಕೊಂಡು, ಅಜ್ಜಿಯ ಮುಂದೆ ಮೊಣಕಾಲೂರಿ ಕೂತು, ಅವರ ಹೆಸರಿಗೆ ಗೌರವದ ಸಾನ್ ಸೇರಿಸಿ ಕೇಳಿದೆ:

"ಕೊನೇ ಸಲ ಆ ಗುಂಡಿ ಒತ್ತುವಾಗ ನೀವು ನೋಡ್ತಾ ಇದ್ದಿದ್ದು ಕೈಲಿದ್ದ ಗಡಿಯಾರಾನೋ, ಗೋಲಿನ ಮುಂದೆ ನಿಂತಿದ್ದ ಆ ಹುಡುಗನ್ನೋ?"