ಮೇಜಿನ ಮೇಲಿನ ತಂಬಿಗೆ

ಉದಗೀರಿನಲ್ಲಿ ನನಗೆ ಕೋಣೆ ಬಾಡಿಗೆಗೆ ಕೊಟ್ಟಿದ್ದ ಮುದುಕಿ ಸಾಸ್ತೂರೆಂಬ ಹಳ್ಳಿಯ ಮಗಳು. ಆ ಊರನ್ನು ನೆಲಸಮ ಮಾಡಿದ ಭೂಕಂಪದಲ್ಲಿ ತವರುಮನೆ ಕುಸಿದದ್ದನ್ನು ಕಣ್ಣಾರೆ ಕಂಡವಳು. ನೆಲದ ಮೇಲೆ ಆಕೆಗೆ ನಂಬಿಕೆ ಉಳಿದಿರಲಿಲ್ಲ; ನನ್ನ ಮೇಲೆ ಮೊದಲಿನಿಂದಲೂ ಇರಲಿಲ್ಲ.

ಹೊರದೇಶವೊಂದರಲ್ಲಿ ನೆಲದಡಿಯ ಸುರಂಗದೊಳಗೆ ಕಣಗಳನ್ನು ಓಡಿಸಿ ಡಿಕ್ಕಿ ಹೊಡೆಸುವ ದೊಡ್ಡ ಯಂತ್ರವಿದೆ. ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮುಗಿಸಿ ಬಂದು, ಅದರ ಒಂದು ಭಾಗವನ್ನು ನಾನು ಕೋಣೆಯ ಕಂಪ್ಯೂಟರಿನಲ್ಲಿ ದೂರದಿಂದಲೇ ಗಮನಿಸುತ್ತಿದ್ದೆ. ಇದನ್ನು ಆಕೆಗೆ ವಿವರಿಸಿದ್ದೇ ತಪ್ಪಾಯಿತು.

"ಖರೇ ಹೇಳ್ರಿ ಸರ, ನೆಲದಾಗ ಏನ್ ಮಾಡ್ಲತ್ತೀರಿ?" ಎಂದು ದಿನವೂ ಕೇಳುತ್ತ, ವಿಭೂತಿ ಹಚ್ಚಿದ ಹಣೆ ಸುಕ್ಕುಗಟ್ಟಿಸಿ ನೋಡುವಳು. ನಾನು ಕೆಲಸಕ್ಕೆ ಕೂತ ಕೂಡಲೇ ಕಂಪ್ಯೂಟರಿನ ಪಕ್ಕ ನೀರು ತುಂಬಿದ ತಂಬಿಗೆ ತಂದಿಟ್ಟು, ನೀರು ನಡುಗುತ್ತದೆಯೇ ಎಂದು ಹೊಸ್ತಿಲ ಬಳಿ ಕೂತು ಕಾಯುವಳು.

ಒಂದು ಸಂಜೆ ಪರದೆ ಕೆಂಪಾಯಿತು. ಯಂತ್ರ ನಿಂತಿತ್ತು.

"ಏನಾತ್ರಿ? ಖರೇ ಹೇಳ್ರಿ."

"ಎಲ್ಲೋ ದೂರದ ದೇಶದಾಗ ಭೂಕಂಪ ಆಗ್ಯಾದಂತ, ಆಯಿ. ಅಷ್ಟು ದೂರದ್ದೂ ಈ ಯಂತ್ರಕ್ಕ ತಿಳೀತದ, ಅದಕ್ಕ ನಿಂತದ."

ತಂಬಿಗೆಯ ನೀರು ಅಲುಗಿರಲಿಲ್ಲ. ಆಕೆ ನೀರನ್ನೊಮ್ಮೆ, ಪರದೆಯನ್ನೊಮ್ಮೆ ನೋಡಿದಳು.

"ಹಂಗಾದ್ರ ಅದರ ಮುಂದಿಂದ ಏಳಬ್ಯಾಡ್ರಿ. ಮತ್ತ ಕೆಂಪಾದ್ರ ಮೊದಲ ನನಗ ಕೂಗ್ರಿ."

ತಂಬಿಗೆಯನ್ನು ಮಾತ್ರ ಅಲ್ಲಿಯೇ ಬಿಟ್ಟುಹೋದಳು.