ಮೂರೇ ಬಡಿತ, ನಾಲ್ಕನೆಯದು ನಮ್ಮದಲ್ಲ

ಅಮೆರಿಕದ ಬರ್ಬ್ಯಾಂಕಿನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಸ್ಟುಡಿಯೋದ ಗೋದಾಮಿನೊಳಗೆ ಒಂದು ನಡುಮನೆ. ಸೋಫಾ, ಊಟದ ಮೇಜು, ಪಕ್ಕದಲ್ಲಿ ಅಡುಗೆಮನೆಯ ಸಿಂಕು. ನಡುವೆ ಕಂಬವೊಂದರ ತುದಿಯಲ್ಲಿ ಒಂಟಿ ಬಲ್ಬು ಉರಿಯುತ್ತಿದೆ. ಖಾಲಿ ರಂಗವನ್ನು ಪೂರ್ತಿ ಕತ್ತಲಲ್ಲಿ ಬಿಡಬಾರದು ಎಂಬುದು ಇಲ್ಲಿನ ಕೆಲಸಗಾರರ ರೂಢಿ. ಹೊರ್ಟೆನ್ಸಿಯಾ ಬರ್ರಗಾನ್ ಒಳಗೆ ಬರುತ್ತಾರೆ. ಕೈಯಲ್ಲಿ ಪೊರಕೆಯ ಕೋಲು, ಕಂಕುಳಲ್ಲಿ ದಾಲ್ಚಿನ್ನಿ ಹಾಕಿದ ಕಾಫಿಯ ಫ್ಲಾಸ್ಕು. ತಲೆಯೆತ್ತಿ ಮೇಲಿನ ಕತ್ತಲಿಗೆ "ಬಂದೆ ತಾಯಿ, ಎದ್ದೇಳು" ಅನ್ನುತ್ತಾರೆ. ಆಮೇಲೆ ಕಬ್ಬಿಣದ ಏಣಿ ಹತ್ತುತ್ತಾರೆ. ಸ್ವಲ್ಪ ಹೊತ್ತಿಗೆ ಮೇಲಿನಿಂದ ಧಪ್, ಧಪ್, ಧಪ್. ಸೋಫಾದ ಮೇಲೆ ಸಣ್ಣಗೆ ಧೂಳು ಉದುರುತ್ತದೆ.

'ಕೆಳಮನೆ' ಎಂಬ ನಗೆ ಧಾರಾವಾಹಿ ನೋಡಿದವರಿಗೆ ಈ ಸದ್ದು ಗೊತ್ತು. ಕಥೆಯ ಯಜಮಾನ ವಾಲ್ಟ್‌ನ ಸಂಸಾರ ಕಿರುಚಾಡಿದಾಗಲೆಲ್ಲ ಮೇಲ್ಮನೆಯ ಮುದುಕಿ ಮಿಸೆಸ್ ವೆಂಡ್ಲಿಂಗ್ ನೆಲ ಕುಟ್ಟುತ್ತಾಳೆ. ಎಲ್ಲರೂ ಬಾಯಿ ಮುಚ್ಚುತ್ತಾರೆ. ಜನ ನಗುತ್ತಾರೆ. ಇಪ್ಪತ್ತೆರಡು ವರ್ಷದಿಂದ ಇದೇ. ಮುದುಕಿಯ ಮುಖವನ್ನು ಯಾರೂ ನೋಡಿಲ್ಲ, ಏಕೆಂದರೆ ಮುದುಕಿಯೇ ಇಲ್ಲ. ಮೇಲ್ಮನೆಯೂ ಇಲ್ಲ. ಈ ನಡುಮನೆಗೆ ಸೂರು ಕೂಡ ಇಲ್ಲ. ಮೇಲಿರುವುದು ದೀಪಗಳು, ಹಗ್ಗಗಳು, ಒಬ್ಬರು ನಡೆಯುವಷ್ಟು ಅಗಲದ ಅಟ್ಟಣಿಗೆ, ಅದಕ್ಕೆ ಬಿಗಿದ ಒಂದು ಹಲಗೆ. ಆ ಹಲಗೆ ಕುಟ್ಟುವುದು ಪಕೋಯ್ಮಾ ಬಡಾವಣೆಯ ಈ ಹೆಂಗಸು. ಕೆಲಸದ ಜಾಗದಲ್ಲಿ ಹೊರ್ಟೆನ್ಸಿಯಾ ಎಲ್ಲರಿಗೂ ಡೋನ್ಯಾ ತೆಂಚಾ, ಅಂದರೆ ತೆಂಚಮ್ಮ.

ಧಾರಾವಾಹಿಯ ಕಥೆಗಳೂ ಈ ಬಡಿತದ ಹಾಗೆಯೇ, ತಿರುತಿರುಗಿ ಬರುತ್ತವೆ. ಉಂಗುರ ಸಿಂಕಿನೊಳಗೆ ಬೀಳುತ್ತದೆ. ಮೇಲಧಿಕಾರಿ ಊಟಕ್ಕೆ ಬಂದ ದಿನವೇ ಟರ್ಕಿ ಕೋಳಿ ಸುಟ್ಟು ಕರಕಲಾಗುತ್ತದೆ. ಅದು ರಬ್ಬರಿನ ಕೋಳಿ, ಪ್ರತಿ ಸಲ ಅದಕ್ಕೇ ಮತ್ತೆ ಕರಿ ಬಳಿಯುತ್ತಾರೆ. ವಾಲ್ಟ್‌ನ ಮಗಳು ಈಗ ತಾಯಿಯಾಗಿದ್ದಾಳೆ, ಅವಳ ಉಂಗುರವೂ ಅದೇ ಸಿಂಕಿಗೆ ಬಿದ್ದಿದೆ. ಹಳಸಲು ಎಂದು ಮೂಗು ಮುರಿಯುವ ಪಂಡಿತರಿಗೆ ನನ್ನದೊಂದು ಪ್ರಶ್ನೆ: ನಿಮ್ಮ ಮನೆಯಲ್ಲಿ ಏನು ದಿನಾ ಹೊಸ ಜಗಳ ಆಗುತ್ತದೆಯೇ?

ತೆಂಚಾ ಮೊದಲು ಇಲ್ಲಿ ಕಸ ಗುಡಿಸುತ್ತಿದ್ದರು. ಆಗ ಬಡಿಯುತ್ತಿದ್ದವನು ಟಿಮ್ಮನ್ಸ್ ಎಂಬ ಹಳೆಯ ಬಡಗಿ, ಅದೂ ಸುತ್ತಿಗೆಯಿಂದ. "ಸುತ್ತಿಗೇಲಿ ಹೊಡೆದ್ರೆ ಬಡಗಿ ಥರ ಕೇಳ್ಸೋದು, ಮುದುಕಿ ಥರ ಅಲ್ಲ. ಒಂದಿನ ನನ್ನ ಪೊರಕೆ ಕಿತ್ಕೊಂಡು ಅದ್ರ ಹಿಡೀಲಿ ಬಡಿದ. ಕೆಳಗೆ ಜನ ಹುಚ್ಚೆದ್ದು ನಕ್ರು. ಅವನ ಭುಜ ಬಿದ್ದೋದ್ಮೇಲೆ, ತಗೋ, ನಿಂದೇ ಪೊರಕೆ, ನೀನೇ ಬಡಿ ಅಂದ." ಕಸುಬಿನ ಗುಟ್ಟೇನೆಂದು, ಪತ್ರಿಕೆಗೆ ಬರೆಯಲು ಬಂದ ನಾನು ಕೇಳಿದರೆ ತೆಂಚಾ ನಗುತ್ತಾರೆ. "ಬಡಿಯೋಕೇನು, ಯಾರಾದ್ರೂ ಬಡೀತಾರೆ. ಕಾಯೋದು ಕಷ್ಟ. ಅವರು ಕಿರುಚಿ ಸುಮ್ನಾಗ್ತಾರೆ, ಎಲ್ರೂ ಮೇಲೆ ನೋಡ್ತಾರೆ. ಆಗ್ಲೇ ಬಡಿದ್ರೆ ಕೆಟ್ಟಿತು. ಅಯ್ಯೋ, ಈ ಸಲ ಮುದುಕಿ ಇಲ್ವೇನೋ ಅಂತ ಜನಕ್ಕೆ ಒಂಚೂರು ಭಯ ಆಗ್ಬೇಕು ನೋಡು ಮಗಾ, ಆಗ."

ಗಂಡ ಚುಯ್ ತೀರಿಕೊಂಡ ವಾರವೂ ಏಣಿ ಹತ್ತಿದ್ದಾರೆ. ಆ ವಾರದ ಕಥೆಯಲ್ಲಿ ಆಸ್ಪತ್ರೆಯ ಚೀಟಿ ಅದಲುಬದಲಾಗಿ ವಾಲ್ಟ್ ತಾನು ಸಾಯುತ್ತೇನೆಂದು ಗೋಳಾಡುತ್ತಾನೆ. "ಜನ ಬಿದ್ದು ಬಿದ್ದು ನಕ್ರು. ನಾನು ಹೊತ್ತಿಗೆ ಸರಿಯಾಗಿ ಬಡಿದೆ."

ಟಿಮ್ಮನ್ಸ್ ಕೋಲಿನ ಜೊತೆ ಒಂದು ಕಟ್ಟಪ್ಪಣೆಯನ್ನೂ ಕೊಟ್ಟು ಹೋದ. ಮೂರೇ ಬಡಿತ. ನಾಲ್ಕನೆಯದು ನಮ್ಮದಲ್ಲ. ಯಾರದು ಎಂದು ತೆಂಚಾ ಕೇಳಿದ್ದರಂತೆ. "ಒಂದ್ಸಲ ಮೂರು ಬಡಿದು ಕೋಲು ಕೆಳಗಿಟ್ಟೆ, ಆಮೇಲೆ ಇನ್ನೊಂದು ಕೇಳಿಸ್ತು ಅಂದ. ಅಷ್ಟೇ. ಮತ್ತೆ ಆ ಮಾತೇ ಎತ್ತಲಿಲ್ಲ." ಟಿಮ್ಮನ್ಸ್ ಈಗ ಬದುಕಿಲ್ಲ.

ನಾನೂ ಏಣಿ ಹತ್ತಿ ನೋಡಿದೆ. ಹಲಗೆಯ ಪಕ್ಕದಲ್ಲಿ ಉಣ್ಣೆಯ ಚಪ್ಪಲಿ ಜೋಡಿ ಇದೆ. ಮಿಸೆಸ್ ವೆಂಡ್ಲಿಂಗ್‌ಗೆ ಚಳಿಯಾದೀತೆಂದು ಒಹಾಯೋದ ಯಾವುದೋ ಅಜ್ಜಿ ಹೆಣೆದು ಕಳಿಸಿದ್ದು. ಇಲ್ಲದ ಮುದುಕಿಗೆ ಬಂದದ್ದನ್ನು ತಾನು ಮೆಟ್ಟುವುದು ಸರಿಯಲ್ಲವೆಂದು ತೆಂಚಾ ಅಲ್ಲೇ ಇಟ್ಟಿದ್ದಾರೆ. ತಿರುಗಿಸಿ ನೋಡಿದರೆ ಎರಡರ ಅಡಿಯೂ ಸವೆದಿದೆ. ಹಿಮ್ಮಡಿಯ ಕಡೆ ಹೆಚ್ಚು.

"ಇಲಿ ಇರ್ಬೇಕು" ಎಂದರು ತೆಂಚಾ. ನನ್ನ ಕೈಯಿಂದ ಚಪ್ಪಲಿ ತೆಗೆದುಕೊಂಡು, ಇದ್ದಂತೆಯೇ ಜೋಡಿಸಿಟ್ಟರು.

ಇಂದು ಶುಕ್ರವಾರ, 'ಕೆಳಮನೆ'ಯ ಕೊನೆಯ ಕಂತಿನ ಚಿತ್ರೀಕರಣ. ಮುಖ್ಯ ಬರಹಗಾರ ಕರ್ಟಿಸ್ ಹ್ಯಾಲೊರನ್ ಹೊಸದೇನೂ ಹೊಳೆಯದೆ ಕಥೆಯಲ್ಲಿ ಮುದುಕಿಯನ್ನು ಸಾಯಿಸಿದ್ದಾನೆ. ಉಂಗುರ ಸಿಂಕಿಗೆ ಬೀಳುತ್ತದೆ, ಮನೆಯವರು ಕಿರುಚುತ್ತಾರೆ, ಅಭ್ಯಾಸಬಲದಿಂದ ಮೇಲೆ ನೋಡುತ್ತಾರೆ. ಮೌನ. ತೆಂಚಾಗೆ ಕೆಲಸವಿಲ್ಲ. ಬೆಳಗ್ಗೆ ಏಣಿ ಹತ್ತಿ ಬಡಿದದ್ದು ಬರೀ ರೂಢಿಗೆ. ತಿಂಡಿಯ ಮೇಜಿನ ಬಳಿ ಅವರು ಕರ್ಟಿಸ್‌ನನ್ನು ಹಿಡಿದು ನಿಲ್ಲಿಸುತ್ತಾರೆ.

"ಕೊನೇಲಿ ಮೂರೇ ಮೂರು ಬಡೀತೀನಿ ಕರ್ಟಿಸ್. ಹೇಳದೆ ಕೇಳದೆ ಹೋಗೋ ಹೆಂಗಸಲ್ಲ ಅವಳು."

"ತೆಂಚಾ, ಅವಳು ಸತ್ತಿದ್ದಾಳೆ. ಸತ್ತೋರು ಬಡಿಯಲ್ಲ."

"ಬದುಕಿದ್ದಾಗ ಎಲ್ಲಪ್ಪ ಬಡಿದಿದ್ಳು?"

ದೀಪದ ಕೆಲಸದ ಬೆನಿಟೊ ಬಾಯಲ್ಲಿದ್ದ ಕಾಫಿ ಉಗುಳಿ ನಗುತ್ತಾನೆ. ಕರ್ಟಿಸ್‌ನ ಮುಖ ಕೆಂಪಾಗುತ್ತದೆ. "ಕೋಲು ಕೊಡು ಇಲ್ಲಿ. ಮೌನಾನೇ ಈ ಕಂತಿನ ಪ್ರಾಣ. ಅದನ್ನ ಕೆಡಿಸ್ಬೇಡ."

ಇಷ್ಟು ವರ್ಷ ಅದೇ ಕೋಲಿನ ಸದ್ದಿನಿಂದ ಅನ್ನ ತಿಂದವನ ಮಾತು ಇದು! ನನಗೆ ಮೈ ಉರಿಯಿತು. ತೆಂಚಾ ಮಾತ್ರ ಕೋಲು ಕೊಟ್ಟುಬಿಟ್ಟರು.

"ಇನ್ಮೇಲೆ ಯಾರ ತಲೆ ಮೇಲೆ ಕುಟ್ತೀಯ ಡೋನ್ಯಾ?" ಎಂದು ಬೆನಿಟೊ ರೇಗಿಸುತ್ತಾನೆ.

"ನಿಂದಿದೆಯಲ್ಲ. ಒಳಗೆ ಖಾಲಿ, ಸದ್ದು ಚೆನ್ನಾಗಿ ಬರುತ್ತೆ."

ಇಳಿಹೊತ್ತಿಗೆ ಪ್ರೇಕ್ಷಕರು ತುಂಬುತ್ತಾರೆ. ತೆಂಚಾ ನನ್ನ ಪಕ್ಕದಲ್ಲೇ ನಿಂತಿದ್ದಾರೆ, ಎರಡೂ ಕೈಯಲ್ಲಿ ಕಾಫಿ ಲೋಟ. ಕೋಲು ಕರ್ಟಿಸ್‌ನ ತೊಡೆಯ ಮೇಲಿದೆ. ಅಟ್ಟಣಿಗೆಗೆ ಇರುವುದು ಒಂದೇ ಏಣಿ, ಅದರ ಬುಡದಲ್ಲಿ ಬೆನಿಟೊ. ಉಂಗುರ ಬೀಳುತ್ತದೆ. ಕಿರುಚಾಟ ಶುರುವಾಗುತ್ತದೆ. ಥಟ್ಟನೆ ಎಲ್ಲರೂ ಸುಮ್ಮನಾಗಿ ಮೇಲೆ ನೋಡುತ್ತಾರೆ. ಪ್ರೇಕ್ಷಕರೂ ನೋಡುತ್ತಾರೆ. ತೆಂಚಾರ ತುಟಿ ಹೊತ್ತು ಎಣಿಸುವಂತೆ ಸದ್ದಿಲ್ಲದೆ ಅಲ್ಲಾಡುತ್ತಿದೆ. ವಾಲ್ಟ್ ತನ್ನ ಮಾತು ಹೇಳುತ್ತಾನೆ: "ಇನ್ನು ನಮ್ಮನ್ನ ಬೈಯೋರು ಯಾರೂ ಇಲ್ಲ."

ಯಾರೋ ಮೂಗು ಒರೆಸಿಕೊಂಡರು. ಮೌನ ಉದ್ದವಾಯಿತು. ಇನ್ನೇನೂ ಬರುವುದಿಲ್ಲ ಎಂದು ನನಗೂ ಒಂಚೂರು ಭಯವಾಯಿತು.

ಧಪ್.

ಒಂದೇ. ಬೆಳಗಿನ ಮೂರರ ಮೇಲೆ ಒಂದು. ಸೋಫಾದ ಮೇಲೆ ಧೂಳು ಉದುರಿತು.

ಜನ ನಗಲು ಶುರುಮಾಡಿದರು, ಆಮೇಲೆ ಅದೇಕೋ ನಗು ಅರ್ಧಕ್ಕೇ ನಿಂತಿತು. ಕರ್ಟಿಸ್ ತನ್ನ ತೊಡೆಯ ಮೇಲಿನ ಕೋಲು ನೋಡಿದ, ಆಮೇಲೆ ತೆಂಚಾರ ಕೈ ನೋಡಿದ. ಎರಡೂ ಕೈ ಲೋಟ ಹಿಡಿದೇ ಇದ್ದವು. ಬೆನಿಟೊ ಏಣಿ ಹತ್ತಿ ಇಳಿದು ಬಂದ. ಮೇಲೆ ಯಾರೂ ಇಲ್ಲ ಎಂದ. ಆ ಹೊತ್ತಿಗೆ ಅವನು ಯಾರನ್ನೂ ರೇಗಿಸುವ ಸ್ಥಿತಿಯಲ್ಲಿರಲಿಲ್ಲ.

ದೃಶ್ಯವನ್ನು ಇನ್ನೊಮ್ಮೆ ತೆಗೆದರು. ಎರಡನೆಯ ಸಲ ಮೌನ ಮೌನವಾಗಿಯೇ ಉಳಿಯಿತು. ಯಾವುದನ್ನು ಟೀವಿಯಲ್ಲಿ ತೋರಿಸುತ್ತಾರೋ ಕರ್ಟಿಸ್ ಹೇಳುತ್ತಿಲ್ಲ. ಕೋಲನ್ನು ಮಾತ್ರ ತಾನೇ ತಂದು ತೆಂಚಾರ ಕೈಗೆ ಕೊಟ್ಟ.

ಎಲ್ಲರೂ ಹೋದ ಮೇಲೆ ತೆಂಚಾ ಒಂಟಿ ಬಲ್ಬನ್ನು ತಂದು ನಡುಮನೆಯಲ್ಲಿ ನಿಲ್ಲಿಸಿ ಹೊತ್ತಿಸುತ್ತಾರೆ. ಇವತ್ತು ಮೇಲೆ ನೋಡುವುದಿಲ್ಲ.

"ಮೊದಲನೇ ಸಲ ತೆಗ್ದಿದ್ದನ್ನೇ ತೋರಿಸ್ಲಿ ಮಗಾ, ನನಗಿನ್ನೇನೂ ಬೇಡ" ಎನ್ನುತ್ತಾರೆ. ಬಾಗಿಲವರೆಗೆ ಬಂದು ನಿಲ್ಲುತ್ತಾರೆ. "ಕೈ ಯಾರದೋ ನಂಗೊತ್ತಿಲ್ಲ. ಕಾದದ್ದು ಮಾತ್ರ ಥೇಟ್ ನಾನು ಕಾಯೋ ಹಾಗೇ ಇತ್ತು."